ಎಂಜಿನ್ ನಿಂತಾಗ ಇಳಿಯಲು ನೆಲವೆಲ್ಲಿ?

ಕಾಂದಿವಲಿಯ ಚಾರ್ಕೋಪಿನಲ್ಲಿ ಮನೆಯ ತಾರಸಿಯ ಮೇಲೆ ಕ್ಯಾಪ್ಟನ್ ಅಮೋಲ್ ಯಾದವ್ ಆರು ಆಸನಗಳ ವಿಮಾನ ಕಟ್ಟಿದಾಗ ಮುಂಬಯಿಗರಾದ ನಾವು ಹೆಮ್ಮೆಪಟ್ಟೆವು. ನೋಂದಣಿ ದೊರೆತುದು 2017ರಲ್ಲಿ. ಆ ವಿಳಂಬವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಪರಿಶೀಲನೆಯೇ ಅನಗತ್ಯವೆಂಬ ವಾದವನ್ನು ಒಪ್ಪಲಾರೆವು.

ಒಂದೇ ಎಂಜಿನ್ನಿನ ವಿಮಾನ ಮೇಲೇರುವಾಗ ಎಂಜಿನ್ ನಿಂತರೆ, ಮೂತಿ ತಗ್ಗಿಸಿ, ವೇಗ ಕಾಯ್ದುಕೊಂಡು ಎದುರಿನ ಬಯಲಿಗೆ ಇಳಿಯಬೇಕು. ಎತ್ತರ ಸಾಲದಿದ್ದರೂ ಹಿಂದಿರುಗಲು ಹೊರಳಿದರೆ ಪತನ ಖಚಿತವೆನ್ನಬಹುದು. ಮುಂಬಯಿಯಲ್ಲಿ ಎದುರಾಗುವುದು ಚಾಳು, ರೈಲುಹಳಿ. 2018ರಲ್ಲಿ ಘಾಟ್ಕೋಪರದಲ್ಲಿ, ಕಾರ್ಖಾನೆಯಲ್ಲಿ ತಯಾರಾದ ವಿಮಾನವೇ ಪರೀಕ್ಷಾ ಹಾರಾಟದಲ್ಲಿ ಬಿದ್ದಿತು; ಮಡಿದ ಐವರಲ್ಲಿ ಒಬ್ಬರು ಪಾದಚಾರಿ.

ಯಾದವರ ವಿಮಾನದ ಪರೀಕ್ಷೆ 2020ರಲ್ಲಿ ಧುಳೆಯಲ್ಲಿ ನಡೆದುದು ಉಚಿತವೇ. ಇಂಥ ಕನಸುಗಾರರಿಗೆ ಸರಕಾರ ತ್ವರಿತ ತಪಾಸಣೆಯನ್ನೂ ಊರಾಚೆಯ ರನ್‌ವೇಯನ್ನೂ ಒದಗಿಸಲಿ. ನಿಯಮದಲ್ಲಿ ಮಾತ್ರ ರಿಯಾಯಿತಿ ಬೇಡ.