ಹೊಸದೆಂದು ಹೇಳುವ ಮುನ್ನ

ಏನಾದರೊಂದು ಹೊಸದನ್ನು ಕಂಡುಹಿಡಿಯಬೇಕೆಂಬ ಹಂಬಲವು ಈಗಿನ ವಿದ್ಯಾರ್ಥಿನಿಯರಲ್ಲಿ ಬೆಳೆಯುತ್ತಿರುವುದನ್ನು ಕಂಡು ನಾವು ಸಂತೋಷಪಡುತ್ತೇವೆ. ಆದರೆ ಮಗಳು ಮಾಡಿದ ಯಂತ್ರಕ್ಕೆ ಪೇಟೆಂಟು ದೊರೆತೀತೇ ಎಂದು ವಿಚಾರಿಸುವ ತಂದೆತಾಯಿಗಳು, ಇಂಥದನ್ನು ಮೊದಲೇ ಯಾರಾದರೂ ಮಾಡಿರುವರೇ ಎಂದು ವಿಚಾರಿಸುವುದು ಅಪರೂಪ. ಈ ಎರಡನೆಯ ಪ್ರಶ್ನೆಯನ್ನು ಮೊದಲನೆಯ ಮೊಳೆ ಹೊಡೆಯುವುದಕ್ಕೆ ಮುಂಚೆಯೇ ಕೇಳತಕ್ಕದ್ದೆಂಬುದು ನಮ್ಮ ಅಭಿಪ್ರಾಯವು.

ಪೇಟೆಂಟು ಎಂಬುದು ಒಂದು ಒಪ್ಪಂದ. ಕಂಡುಹಿಡಿದವರು ತಮ್ಮ ಗುಟ್ಟನ್ನು ಬಿಚ್ಚಿ ಬರೆದುಕೊಡುತ್ತಾರೆ. ಅದಕ್ಕೆ ಪ್ರತಿಯಾಗಿ, ಅವರ ಅಪ್ಪಣೆಯಿಲ್ಲದೆ ಇತರರು ಅದನ್ನು ಮಾಡಿ ಮಾರದಂತೆ ತಡೆಯುವ ಹಕ್ಕನ್ನು ನಮ್ಮ ಸರಕಾರವು ಅರ್ಜಿಯ ದಿನದಿಂದ 20 ವರ್ಷಗಳ ಮಟ್ಟಿಗೆ ಕೊಡುತ್ತದೆ. ಅವಧಿ ತೀರಿದ ಮೇಲೆ ಆ ಜ್ಞಾನವು ಎಲ್ಲರ ಸೊತ್ತು. ಆದಕಾರಣ ಹಳೆಯ ಪೇಟೆಂಟುಗಳನ್ನು ಓದುವುದೆಂದರೆ ಹಿಂದಿನವರ ಪಾಠಪುಸ್ತಕವನ್ನು ಓದಿದಂತೆಯೇ ಸರಿ.

ಅಮೇರಿಕದ ಚೆಸ್ಟರ್ ಕಾರ್ಲ್‌ಸನ್ ಎಂಬವರು ಒಂದು ಕಂಪೆನಿಯ ಪೇಟೆಂಟು ಶಾಖೆಯಲ್ಲಿ ಕೆಲಸಕ್ಕಿದ್ದರು. ಪ್ರತಿಗಳನ್ನು ತೆಗೆಯುವ ತೊಂದರೆಯಿಂದ ಬೇಸತ್ತು, ಸುಲಭವಾದ ಉಪಾಯವನ್ನು ಹುಡುಕಹೊರಟ ಅವರು ಮೊದಲು ಹೋದದ್ದು ಕಾರ್ಯಾಗಾರಕ್ಕಲ್ಲ, ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಾಲಯಕ್ಕೆ. ಛಾಯಾಚಿತ್ರದ ಮಾರ್ಗವನ್ನು ದೊಡ್ಡ ಕಂಪೆನಿಗಳು ಆಗಲೇ ಶೋಧಿಸಿರಬೇಕೆಂದು ತರ್ಕಿಸಿ, ಆ ದಾರಿಯನ್ನು ಬಿಟ್ಟು, ಬೆಳಕು ಬಿದ್ದಾಗ ವಿದ್ಯುತ್ತನ್ನು ಹರಿಯಗೊಡುವ ವಸ್ತುಗಳ ಕಡೆಗೆ ತಿರುಗಿದರು. 1938ನೇ ಅಕ್ಟೋಬರ್ 22ರಂದು ಮೊದಲನೆಯ ಪ್ರತಿ ಮೂಡಿತು. 1942ರಲ್ಲಿ ಪೇಟೆಂಟು ದೊರೆಯಿತು. ಇಂದಿನ ಜೆರಾಕ್ಸ್ ಯಂತ್ರದ ಮೂಲವು ಇದೇ.

ಹುಡುಕುವುದರಲ್ಲಿ ಕೊರತೆಯಾದರೆ ಆಗುವುದೇನೆಂಬುದಕ್ಕೆ ನಮ್ಮ ಅಡಿಗೆಮನೆಯ ಅರಿಸಿನವೇ ಸಾಕ್ಷಿ. ಗಾಯಕ್ಕೆ ಅರಿಸಿನವನ್ನು ಬಳಸುವುದನ್ನು ಹೊಸ ಶೋಧನೆಯೆಂದು ಎಣಿಸಿ 1995ರಲ್ಲಿ ಅಮೇರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟು ಕೊಡಲಾಯಿತು. ನಮ್ಮ ಅಜ್ಜಿಯಂದಿರು ಅರಿತಿದ್ದ ಮಾತು! ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿಯು ಹಳೆಯ ಗ್ರಂಥಗಳನ್ನೂ ಲೇಖನಗಳನ್ನೂ ಮುಂದಿಟ್ಟು ವಾದಿಸಲಾಗಿ, 1997ರಲ್ಲಿ ಅದು ರದ್ದಾಯಿತು. ಹಳೆಯದನ್ನು ಅರಿಯದವರಿಗೆ ಎಲ್ಲವೂ ಹೊಸದಾಗಿ ಕಾಣುವುದು ಸಹಜ. ಇನ್ನೊಂದು ಮಾತನ್ನೂ ಮರೆಯಬಾರದು: ನಮ್ಮ ದೇಶದ ಕಾನೂನಿನ ಪ್ರಕಾರ, ಜನರಲ್ಲಿ ಬಾಯಿಂದ ಬಾಯಿಗೆ ಬಂದ ತಿಳಿವಳಿಕೆಯೂ ಪೇಟೆಂಟಿಗೆ ಅಡ್ಡಿಯಾಗಬಲ್ಲದು. ಆದುದರಿಂದ ಹುಡುಕುವವಳು ಪುಸ್ತಕವನ್ನು ಮಾತ್ರವಲ್ಲದೆ, ಮನೆಯ ಹಿರಿಯರನ್ನೂ ಊರಿನ ಕಮ್ಮಾರ ಬಡಗಿಗಳನ್ನೂ ಕೇಳಬೇಕು.

ಹುಡುಕುವ ಬಗೆ ಕಠಿಣವಲ್ಲ. ಪ್ರಕಟವಾದ ಪೇಟೆಂಟುಗಳನ್ನು ಅಂತರ್ಜಾಲದಲ್ಲಿ ಹಣ ಕೊಡದೆ ಓದಬಹುದು. ವಸ್ತುವಿನ ಹೆಸರಿನಿಂದಷ್ಟೇ ಹುಡುಕಿದರೆ ಸಾಲದು. ಅದು ಮಾಡುವ ಕೆಲಸದಿಂದಲೂ ಹುಡುಕಬೇಕು. ನಾವು ಈಳಿಗೆಮಣೆ ಎಂದು ಕರೆಯುವುದನ್ನು ಬರೆದವರು 'ತರಕಾರಿಯನ್ನು ಕೊಯ್ಯುವ ಸಾಧನ' ಎಂದಿಟ್ಟಿರಬಹುದು. ಅನ್ಯದೇಶದಲ್ಲಿ ಪ್ರಕಟವಾದದ್ದೂ ಹೊಸತನವನ್ನು ಕೆಡಿಸುತ್ತದೆ. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳು ಕಳೆಯುವ ತನಕ ಬಹಿರಂಗವಾಗುವುದಿಲ್ಲವಾದ್ದರಿಂದ, ಒಮ್ಮೆ ಹುಡುಕಿ ಸುಮ್ಮನಾಗದೆ ಆಗಾಗ್ಗೆ ಮರಳಿ ನೋಡತಕ್ಕದ್ದು.

ಹೀಗೆ ಮಾಡಿದರೆ ಮಕ್ಕಳ ಉತ್ಸಾಹವು ಕುಗ್ಗೀತೆಂದು ಕೆಲವರು ಹೇಳಬಹುದು. ನಾವು ಒಪ್ಪುವುದಿಲ್ಲ. ವರ್ಷವೆಲ್ಲ ದುಡಿದು, ಹಣ ಸುರಿದು, ಕಡೆಗೆ ಅದು ಹಳೆಯದೆಂದು ಪರರಿಂದ ಕೇಳುವ ದುಃಖವೇ ಹೆಚ್ಚಿನದು. ಮೊದಲೇ ತಿಳಿದವಳಾದರೋ ಹಿಂದಿನವರು ನಿಲ್ಲಿಸಿದ ಸ್ಥಳದಿಂದ ಒಂದು ಹೆಜ್ಜೆ ಮುಂದೆ ಇಡುವಳು. ಪರರ ಶ್ರಮವನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆಯನ್ನೂ ಅವಳು ಇದರಿಂದ ಕಲಿಯುವಳು. ಈ ಗುಣವು ಪೇಟೆಂಟಿಗಿಂತ ಬೆಲೆಯುಳ್ಳದ್ದು.

ಆದಕಾರಣ ಪಾಠಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಪ್ರತಿಯೊಂದು ಮಾದರಿಯ ಪಕ್ಕದಲ್ಲಿಯೂ ಒಂದು ಹಾಳೆಯನ್ನು ಇಡಿಸಬೇಕೆಂದು ನಾವು ಸೂಚಿಸುತ್ತೇವೆ. ಹಿಂದೆ ಇದ್ದದ್ದೇನು, ತಾನು ಕೂಡಿಸಿದ್ದೇನು ಎಂಬುದನ್ನು ಹುಡುಗಿಯು ಅದರಲ್ಲಿ ಸ್ವಂತ ಕೈಯಿಂದ ಬರೆಯಲಿ. ಬಹುಮಾನ ಕೊಡುವವರು ಆ ಹಾಳೆಯನ್ನು ಮೊದಲು ಓದಲಿ, ಯಂತ್ರವನ್ನು ಆಮೇಲೆ ನೋಡಲಿ.