ಅಮ್ಮನ ಉಪ್ಪಿನಕಾಯಿ ಮತ್ತು ಅಗ್ಗದ ವಿಮಾನ

ಈ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಇವತ್ತು ಮಾತ್ರ ಬರೆಯದೆ ಮಲಗಿದ್ರೆ ನಿದ್ದೆ ಬರಲ್ಲ ಅನ್ನಿಸ್ತು. ವಿಷಯ ಏನಪ್ಪಾ ಅಂದ್ರೆ, ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ :)

ನಮ್ಮಕ್ಕ ಇರೋದು ದೆಹಲಿಯಲ್ಲಿ. ಚೊಚ್ಚಲ ಹೆರಿಗೆ. ಮಗಳು ತವರಿಗೆ ಬರೋದು ನಮ್ಮ ಕಡೆ ಪದ್ಧತಿ, ಆದ್ರೆ ಡಾಕ್ಟರು ಪ್ರಯಾಣ ಬೇಡವೇ ಬೇಡ ಅಂದ್ರು. ಹಾಗಾಗಿ ತವರೇ ದೆಹಲಿಗೆ ಹೋಗಬೇಕಾಯ್ತು. ತವರು ಅಂದ್ರೆ ಅಮ್ಮ. ತೀರ್ಥಹಳ್ಳಿಯಿಂದ ರಾತ್ರಿ ಬಸ್ಸಿಗೆ ಒಂದು ದೊಡ್ಡ ಬ್ಯಾಗು, ಒಂದು ಕೈಚೀಲ ಹಿಡ್ಕೊಂಡು ಬೆಂಗಳೂರಿಗೆ ಬಂದಿಳಿದಳು. ಅಮ್ಮನಿಗೆ ಅದೇ ಮೊದಲ ವಿಮಾನ.

ಟಿಕೆಟ್ ಮಾಡಿಸಿದವನು ನಾನು. ನಾಲ್ಕು ಆ್ಯಪ್ ತೆರೆದು, ಎರಡು ರಾತ್ರಿ ಕೂತು ಹುಡುಕಿ 4,600 ರೂಪಾಯಿಗೆ ಗಿಟ್ಟಿಸಿದ್ದೆ. ಆಫೀಸಲ್ಲಿ ನಾಲ್ಕು ಜನಕ್ಕೆ ಹೇಳ್ಕೊಂಡೂ ಬಂದಿದ್ದೆ. ಅದೇ ಟಿಕೆಟ್ಟಿನಲ್ಲಿ "ಚೆಕ್-ಇನ್ 15 ಕೇಜಿ, ಕೈಚೀಲ 7 ಕೇಜಿ" ಅಂತ ಇದ್ದದ್ದನ್ನ ಅಮ್ಮನಿಗೆ ಹೇಳಿದೆನಾ? ಊಹೂಂ.

ವಿಮಾನ ನಿಲ್ದಾಣದಲ್ಲಿ ಟಿಕೆಟ್ ಇಲ್ಲದವರನ್ನ ಸಿಐಎಸ್‌ಎಫ್‌ನವರು ಒಳಗೆ ಬಿಡಲ್ಲ, ನಿಮಗೂ ಗೊತ್ತು. ಅಮ್ಮನನ್ನ ಬಾಗಿಲವರೆಗೆ ಬಿಟ್ಟು ಹೊರಗೆ ನಿಂತಿದ್ದೆ. ಹದಿನೈದು ನಿಮಿಷಕ್ಕೆ ಫೋನು.

"ಏಳು ಕೇಜಿ ಜಾಸ್ತಿ ಇದೆಯಂತೆ ಕಣೋ. ನಾಲ್ಕು ಸಾವಿರ ಚಿಲ್ರೆ ಕಟ್ಟಬೇಕಂತೆ."

"ಕಟ್ಟಮ್ಮ, ನಾನು ಈಗಲೇ ದುಡ್ಡು ಹಾಕ್ತೀನಿ."

"ಟಿಕೆಟ್ಟಿಗೆ ಕೊಟ್ಟಷ್ಟು ದುಡ್ಡು ಹಪ್ಪಳಕ್ಕೆ ಕಟ್ತಾರೇನೋ ಮಾರಾಯ? ತಲೆ ಸರಿ ಇದ್ಯಾ ನಿಂಗೆ?"

ಫೋನ್ ಕಟ್.

ಆಮೇಲೆ ಏನಾಯ್ತು ಅಂತ ರಾತ್ರಿ ಅಕ್ಕ ಹೇಳಿದ ಮೇಲೆ ಗೊತ್ತಾಗಿದ್ದು. ಅಮ್ಮ ಕೌಂಟರಿನ ಪಕ್ಕ ನೆಲದ ಮೇಲೆ ಕೂತು ಬ್ಯಾಗ್ ಬಿಚ್ಚಿದ್ದಾಳೆ. ಹಿಂದೆ ಉದ್ದಕ್ಕೂ ಕ್ಯೂ. ಹಪ್ಪಳ, ಸಂಡಿಗೆಯ ಕಟ್ಟನ್ನ ಅಲ್ಲಿ ನೆಲ ಒರೆಸ್ತಿದ್ದ ಹೆಂಗಸಿಗೆ ಕೊಟ್ಟಿದ್ದಾಳೆ. ಪುಣ್ಯಕ್ಕೆ ಆಕೆಗೆ ಕನ್ನಡ ಬರ್ತಿತ್ತು. ಅಕ್ಕಿ ಹಿಟ್ಟಿನ ಪೊಟ್ಟಣ, ಕುಚ್ಚಲಕ್ಕಿಯ ಚೀಲ ಅಲ್ಲೇ ಬಿಟ್ಟಿದ್ದಾಳೆ. ಮಗುವಿಗೆ ಅಂತ ಹರಿದು ಮಡಿಸಿ ಇಟ್ಟಿದ್ದ ಹಳೇ ಹತ್ತಿ ಸೀರೆಗಳನ್ನ ಮಾತ್ರ ಬಿಟ್ಟಿಲ್ಲ. ಉಪ್ಪಿನಕಾಯಿ ಡಬ್ಬಿ ಭಾರ ಅಂತ ದೊಡ್ಡ ಬ್ಯಾಗಿನಿಂದ ತೆಗೆದು ಕೈಚೀಲಕ್ಕೆ ಹಾಕಿದ್ದಾಳೆ. ಸೆಕ್ಯೂರಿಟಿಯಲ್ಲಿ ಅದನ್ನೂ ತೆಗೆದಿಟ್ಟುಕೊಂಡ್ರು. ದೊಡ್ಡ ಬ್ಯಾಗಿನಲ್ಲೇ ಇದ್ದಿದ್ರೆ ದೆಹಲಿ ಸೇರ್ತಿತ್ತು!

ಅಕ್ಕನಿಗೆ ಬಸುರಿಯಲ್ಲಿ ಬಾಯಿಗೆ ಬೇರೇನೂ ರುಚಿಸ್ತಿರಲಿಲ್ಲ, ಅದಕ್ಕೇ ಅಂತ ಮಿಡಿ ಆಯ್ದು ಹಾಕಿದ್ದ ಉಪ್ಪಿನಕಾಯಿ ಅದು. ಅಮ್ಮ ನನಗೆ ಬೈಯಲೇ ಇಲ್ಲ. "ಉಪ್ಪಿನಕಾಯಿ ಹೋಗ್ಲಿ ಬಿಡು. ಅಷ್ಟು ಜನರ ಎದುರಿಗೆ ಬಟ್ಟೆಬರೆ ಬಿಚ್ಚಿ ಹರಡಬೇಕಾಯ್ತಲ್ಲ, ಅದೇ ಒಂಥರಾ ಆಯ್ತು" ಅಂದಳು ಅಷ್ಟೇ. ಬೈದಿದ್ರೇ ಚೆನ್ನಾಗಿತ್ತು.

ಆ ಏರ್‌ಲೈನಿನ ಹೆಸರು ಬರೆಯಲ್ಲ. ಅವರು ಮೋಸ ಮಾಡಿಲ್ಲ. ನಿಯಮ ಟಿಕೆಟ್ಟಿನ ಮೇಲೇ ಇತ್ತು. ಓದಿದವನು ನಾನು, ಹೇಳದವನೂ ನಾನೇ. ಆದ್ರೆ ಅವತ್ತಿನಿಂದ ಒಂದು ಮಾತು ತಲೆಯಲ್ಲಿ ಕೊರೀತಾ ಇದೆ. ಅಗ್ಗದ ವಿಮಾನ ಅಗ್ಗ ಆಗೋದು ನಿಯಮ ಗೊತ್ತಿದ್ದವರಿಗೆ ಮಾತ್ರ. ಗೊತ್ತಿಲ್ಲದವರು ಕೌಂಟರಿನಲ್ಲಿ ದಂಡ ಕಟ್ಟಿ, ನನ್ನಂಥವರ ಟಿಕೆಟ್ ಅಗ್ಗವಾಗಿ ಉಳಿಯೋಕೆ ಸಹಾಯ ಮಾಡ್ತಾರೆ.

ಈ ಅಗ್ಗದ ವಿಮಾನದ ಕಥೆ ನಮ್ಮ ರಾಜ್ಯದ್ದೇ ಅನ್ನೋದು ಇನ್ನೊಂದು ತಮಾಷೆ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದ್ದು 2003ರ ಆಗಸ್ಟಿನಲ್ಲಿ. ಶುರುವಿನಲ್ಲೇ ಬೆಂಗಳೂರಿನಿಂದ ಹುಬ್ಬಳ್ಳಿಗೂ ವಿಮಾನ ಹಾರಿತ್ತು. ಒಂದು ರೂಪಾಯಿ ಟಿಕೆಟ್ ಅಂತ ಬಂದಾಗ ನಾವೆಲ್ಲ ಇಂಟರ್ನೆಟ್ ಕೆಫೆಗೆ ಓಡಿದ್ದು ನೆನಪಿದೆಯಾ? ಆ ಕಂಪನಿಯ ಗುರುತು ಯಾರು ಗೊತ್ತಲ್ಲ, ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್.ಕೆ. ಲಕ್ಷ್ಮಣರ 'ಕಾಮನ್ ಮ್ಯಾನ್'. ಚೌಕಳಿ ಕೋಟು, ಪಂಚೆ, ದುಂಡು ಕನ್ನಡಕದ ಶ್ರೀಸಾಮಾನ್ಯ. ಆಮೇಲೆ ಆ ಕಂಪನಿ ಕಿಂಗ್‌ಫಿಷರ್ ಪಾಲಾಯ್ತು, 2012ರಲ್ಲಿ ಕಿಂಗ್‌ಫಿಷರೂ ನೆಲಕ್ಕಿಳೀತು. ಆದ್ರೆ ಆ ದಾರಿಯಲ್ಲಿ ಇಂಡಿಗೋ, ಸ್ಪೈಸ್‌ಜೆಟ್ ಬಂದ್ವು. ಇವತ್ತು ದೇಶದೊಳಗೆ ಹಾರೋರಲ್ಲಿ ಹೆಚ್ಚಿನವರು ಹಾರೋದು ಇಂಥ ವಿಮಾನದಲ್ಲೇ. ಅಮ್ಮ ಆ ಶ್ರೀಸಾಮಾನ್ಯನ ಹೆಂಡತಿ ಅಂತಿಟ್ಕೊಳ್ಳಿ :)

ಇವರಿಗೆ ಅಗ್ಗವಾಗಿ ಮಾರೋಕೆ ಹೇಗೆ ಸಾಧ್ಯ? ಅಮೆರಿಕದ ಟೆಕ್ಸಾಸಿನಲ್ಲಿ 1971ರಲ್ಲಿ ಹಾರಾಟ ಶುರು ಮಾಡಿದ ಸೌತ್‌ವೆಸ್ಟ್ ಹಾಕಿಕೊಟ್ಟ ಲೆಕ್ಕ ಇದು. ಆದಷ್ಟು ಒಂದೇ ಜಾತಿಯ ವಿಮಾನ ಇಟ್ಕೋ, ಪೈಲಟ್ಟಿಗೂ ಮೆಕ್ಯಾನಿಕ್ಕಿಗೂ ಒಂದೇ ತರಬೇತಿ ಸಾಕು. ವಿಮಾನ ನೆಲದ ಮೇಲಿದ್ರೆ ಖರ್ಚು, ಹಾರಿದ್ರೆ ಸಂಪಾದನೆ, ಅದಕ್ಕೇ ಜನರನ್ನ ಇಳಿಸಿ, ಹತ್ತಿಸಿ, ಬೇಗ ಹೊರಡು. ಸೀಟೊಂದನ್ನ ಮಾರು, ಉಳಿದಿದ್ದಕ್ಕೆಲ್ಲ ಬೇರೆ ಬೇರೆ ದುಡ್ಡು ತಗೋ ಅನ್ನೋದನ್ನ ಆಮೇಲೆ ಬಂದ ಬೇರೆ ಕಂಪನಿಗಳು ಸೇರಿಸಿದ್ವು.

ನಮ್ಮ ಮಲೆನಾಡಿನ ಬಸ್ಸು ಹಾಗಲ್ಲ. ಕೈ ಅಡ್ಡ ಹಾಕಿದ್ರೆ ನಿಲ್ಲುತ್ತೆ. ಬಾಳೆಗೊನೆ ಟಾಪಿನ ಮೇಲೆ ಹೋಗುತ್ತೆ. "ಇಲ್ಲೇ ಬಂದ್ರು, ಒಂದ್ನಿಮಿಷ" ಅಂದ್ರೆ ಕಂಡಕ್ಟರು ಗೊಣಗ್ತಾನೆ, ಆದ್ರೂ ಕಾಯ್ತಾನೆ. ಆ ಅಭ್ಯಾಸದಲ್ಲೇ ವಿಮಾನ ನಿಲ್ದಾಣಕ್ಕೆ ಹೋದ್ರೆ ಹೆಜ್ಜೆಹೆಜ್ಜೆಗೂ ದಂಡ. ಅಗ್ಗದ ವಿಮಾನದ ಪೂರ್ತಿ ಲಾಭ ಬೇಕಾದ್ರೆ ಎಲ್ಲವನ್ನೂ ಮನೆಯಲ್ಲೇ ತೀರ್ಮಾನ ಮಾಡಿ ಹೊರಡಬೇಕು. ಪೆಟ್ಟು ತಿಂದು ಕಲಿತದ್ದನ್ನ ಬರೀತೀನಿ, ಗೊತ್ತಿದ್ದವರು ಹಾರಿಸಿಕೊಂಡು ಓದಿ.

1. ಲೆಕ್ಕ ಹಾಕೋದಿದ್ರೆ ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಹಾಕಿ. 2008ರ ಮೇ ತಿಂಗಳವರೆಗೆ ಎಚ್ಎಎಲ್ ನಿಲ್ದಾಣ ಊರೊಳಗೇ ಇತ್ತು. ಈಗ ದೇವನಹಳ್ಳಿ. ಜಯನಗರದಿಂದ ಅಲ್ಲಿಗೆ ಹೋಗೋಕೆ ಒಂದೂವರೆ-ಎರಡು ತಾಸು, ಅಲ್ಲಿ ಒಂದೂವರೆ ತಾಸು ಕಾಯೋದು, ಒಂದು ತಾಸು ಹಾರೋದು, ಹುಬ್ಬಳ್ಳಿಯಲ್ಲಿ ಬ್ಯಾಗ್ ತಗೊಂಡು ಮನೆ ಸೇರೋಕೆ ಇನ್ನೊಂದು ತಾಸು. 2023ರಲ್ಲಿ ಶುರುವಾದ ಧಾರವಾಡದ ವಂದೇ ಭಾರತ್ ರೈಲಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಉಳಿಯಲ್ಲ. ಟ್ಯಾಕ್ಸಿ ಬದಲು ಬಿಎಂಟಿಸಿಯ ವಾಯುವಜ್ರ ಬಸ್ಸು ಹಿಡಿದ್ರೆ ಟಿಕೆಟ್ಟಿನಲ್ಲಿ ಉಳಿಸಿದ್ದು ನಿಜವಾಗ್ಲೂ ಜೇಬಲ್ಲಿ ಉಳಿಯುತ್ತೆ.

2. ತೂಕ ಮನೆಯಲ್ಲೇ ನೋಡಿ. ಕೊಕ್ಕೆ ಇರೋ ಪುಟ್ಟ ತೂಕದ ಯಂತ್ರ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಹೆಚ್ಚು ತೂಕ ಒಯ್ಯಲೇಬೇಕು ಅಂದ್ರೆ ಮುಂಚೆಯೇ ಆನ್‌ಲೈನಿನಲ್ಲಿ ಕೊಂಡ್ಕೊಳ್ಳಿ, ಕೌಂಟರಿನ ದರಕ್ಕಿಂತ ಕಡಿಮೆ ಬೀಳುತ್ತೆ. ಅದಕ್ಕಿಂತ ಅಗ್ಗ ಬೇಕಾದ್ರೆ ಹಪ್ಪಳ, ಸಂಡಿಗೆ, ಅಕ್ಕಿಯನ್ನ ಪಾರ್ಸೆಲ್ ಮಾಡಿ.

3. ಯಾವ ವಸ್ತು ಎಲ್ಲಿ ಅಂತ ತಿಳ್ಕೊಳ್ಳಿ. ರಸ, ಎಣ್ಣೆ ಇರೋ ಉಪ್ಪಿನಕಾಯಿ ದೊಡ್ಡ ಬ್ಯಾಗಿಗೆ, ಸೋರದ ಹಾಗೆ ಕಟ್ಟಿ. ಪವರ್ ಬ್ಯಾಂಕ್ ಕೈಚೀಲಕ್ಕೇ. ಒಣಕೊಬ್ಬರಿ ಎರಡರಲ್ಲೂ ಬೇಡ, ಎಣ್ಣೆಯಂಶ ಜಾಸ್ತಿ, ಬೆಂಕಿ ಹತ್ತೋ ವಸ್ತು ಅಂತ ತೆಗೆಸ್ತಾರೆ. ಚಪಾತಿ, ಚಿತ್ರಾನ್ನ ಧಾರಾಳವಾಗಿ ಒಯ್ಯಿರಿ. ಒಳಗೆ ಸ್ಯಾಂಡ್‌ವಿಚ್‌ಗೆ ಕೊಡೋ ದುಡ್ಡಲ್ಲಿ ಹೊರಗೆ ಇಬ್ಬರ ಊಟ ಆಗುತ್ತೆ.

4. ಬುಕ್ ಮಾಡುವಾಗ ಕೊನೆಯ ಪುಟವನ್ನ ಎರಡು ಸಲ ಓದಿ. ವಿಮೆ, ದಾನ, ಸೀಟಿನ ದುಡ್ಡು ಅಂತ ತಾನಾಗೇ ಸೇರಿಕೊಂಡಿರುತ್ತೆ. ಹೀಗೆ ಕೇಳದೇ ಬುಟ್ಟಿಗೆ ಹಾಕೋದು ತಪ್ಪು ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲೇ ಮಾರ್ಗಸೂಚಿ ತಂದಿದೆ. ಸೀಟು ಆರಿಸದಿದ್ರೂ ಒಂದು ಸೀಟು ಸಿಕ್ಕೇ ಸಿಗುತ್ತೆ, ನಡುವಿನದಾದ್ರೂ ಸರಿ. 12 ವರ್ಷದೊಳಗಿನ ಮಕ್ಕಳನ್ನ ಒಂದೇ ಪಿಎನ್‌ಆರ್‌ನಲ್ಲಿರೋ ಅಪ್ಪ ಅಥವಾ ಅಮ್ಮನ ಜೊತೆಗೇ ಕೂರಿಸಬೇಕು ಅಂತ 2024ರಲ್ಲಿ ಡಿಜಿಸಿಎ ಹೇಳಿದೆ.

5. ಸಾಧ್ಯವಾದ್ರೆ ಬೆಳಗಿನ ಮೊದಲ ವಿಮಾನ ಹಿಡೀರಿ. ಒಂದೇ ವಿಮಾನ ದಿನವಿಡೀ ಊರೂರು ಸುತ್ತೋದ್ರಿಂದ ಬೆಳಿಗ್ಗೆ ಆದ ಅರ್ಧ ತಾಸಿನ ತಡ ಸಂಜೆಗೆ ಎರಡು ತಾಸಾಗುತ್ತೆ. ಡಿಸೆಂಬರ್-ಜನವರಿಯ ದೆಹಲಿ ಮಾತ್ರ ಇದಕ್ಕೆ ಹೊರತು. ಅಲ್ಲಿ ಬೆಳಗಿನ ಮಂಜೇ ಯಜಮಾನ.

6. ಎರಡು ಕಂಪನಿಯ ಎರಡು ಟಿಕೆಟ್ ಜೋಡಿಸಿ ದುಡ್ಡು ಉಳಿಸೋರು ನಡುವೆ ಸಾಕಷ್ಟು ಸಮಯ ಇಟ್ಕೊಳ್ಳಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದ್ರೆ ಇಬ್ಬರೂ ಕೈ ತೊಳ್ಕೊಳ್ತಾರೆ. ಮದುವೆ, ಪರೀಕ್ಷೆ, ಸಂದರ್ಶನ ಅಂದ್ರೆ ಹಿಂದಿನ ದಿನವೇ ಹೋಗಿ. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋದ ಸಾವಿರಾರು ವಿಮಾನ ರದ್ದಾಗಿ ದೇಶವೇ ನಿಲ್ದಾಣದಲ್ಲಿ ಮಲಗಿತ್ತಲ್ಲ, ಅದು ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸಿದ್ಧತೆ ಸಾಲದೇ ಆದದ್ದು. ಎಲ್ಲವನ್ನೂ ಬಿಗಿಯಾಗಿ ನಡೆಸೋ ಕಡೆ ಒಂದು ಗಂಟು ಬಿಚ್ಚಿದ್ರೆ ಪೂರ್ತಿ ಬಿಚ್ಚುತ್ತೆ.

7. ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಷ್ಟೇ ಅಗ್ಗದ, 'ವಾಪಸ್ ಇಲ್ಲ' ಅನ್ನೋ ಟಿಕೆಟ್ ರದ್ದು ಮಾಡಿದ್ರೂ ಯೂಸರ್ ಡೆವಲಪ್‌ಮೆಂಟ್ ಫೀಯಂಥ ನಿಲ್ದಾಣದ ಶುಲ್ಕ, ತೆರಿಗೆಗಳನ್ನ ವಾಪಸ್ ಕೊಡಬೇಕು ಅಂತ ಡಿಜಿಸಿಎ ನಿಯಮ ಇದೆ. ಹೋಗದಿದ್ರೆ ಸುಮ್ಮನೆ ಬಿಡಬೇಡಿ, ಕೇಳಿ. ವಿಮಾನ ಆರು ತಾಸಿಗಿಂತ ತಡ ಅಂತಾದ್ರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು ವಾಪಸ್ ಕೇಳಬಹುದು. ಟಿಕೆಟ್ ಇದ್ದು, ಸಮಯಕ್ಕೆ ಬಂದೂ ಸೀಟು ಭರ್ತಿ ಅಂತ ಹತ್ತಿಸದಿದ್ರೆ ಪರಿಹಾರವೂ ಇದೆ, ಸಂದರ್ಭ ನೋಡಿ 20,000 ರೂಪಾಯಿವರೆಗೂ. ಕೇಳಿದವರಿಗೆ ಸಿಗುತ್ತೆ.

ಅಲ್ಲಿಗೇ ಬಂದೆ ನೋಡಿ. ಕೇಳಿದವರಿಗೆ ಸಿಗುತ್ತೆ, ಓದಿದವರಿಗೆ ಉಳಿಯುತ್ತೆ. ಆದ್ರೆ ಎಲ್ಲಿ ಓದೋದು? ಯಾವ ಭಾಷೆಯಲ್ಲಿ? ಬೆಂಗಳೂರಿನಿಂದ ಹುಬ್ಬಳ್ಳಿಗೆ, 2023ರಲ್ಲಿ ಶುರುವಾದ ನಮ್ಮ ಶಿವಮೊಗ್ಗ ನಿಲ್ದಾಣಕ್ಕೆ ಹೋಗೋ ಟಿಕೆಟ್ಟಿನ ಷರತ್ತುಗಳನ್ನ ಇವತ್ತಿನವರೆಗೂ ನಾನು ಕನ್ನಡದಲ್ಲಿ ನೋಡಿಲ್ಲ. ನಿಮಗೆ ಸಿಕ್ಕಿದ್ರೆ ಹೇಳಿ, ತಿದ್ದಿಕೊಳ್ತೀನಿ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಲಗೇಜಿನ ತಕರಾರು ಬಂದ್ರೆ ಅಮ್ಮ ಕಂಡಕ್ಟರ್ ಜೊತೆ ಅರ್ಧ ತಾಸು ವಾದ ಮಾಡಿ ಗೆಲ್ತಾಳೆ, ಯಾಕಂದ್ರೆ ಅದು ಅವಳ ಭಾಷೆಯಲ್ಲಿ ನಡೆಯುತ್ತೆ. ಅದೇ ಅಮ್ಮ ಆ ಕೌಂಟರಿನ ಎದುರು ನೆಲದ ಮೇಲೆ ಕೂತುಬಿಟ್ಟಳು. ಶ್ರೀಸಾಮಾನ್ಯನ ಚಿತ್ರ ಹಾಕ್ಕೊಂಡು ಹುಟ್ಟಿದ ಧಂದೆ ಇದು. ಅವನಿಗೆ ಅರ್ಥವಾಗೋ ಭಾಷೆಯಲ್ಲಿ "15 ಕೇಜಿ, ಒಂದು ಬ್ಯಾಗು, ಉಪ್ಪಿನಕಾಯಿ ಇದರೊಳಗೆ" ಅಂತ ಒಂದು ಎಸ್ಸೆಮ್ಮೆಸ್ ಕಳಿಸೋಕೆ ಎಷ್ಟು ಖರ್ಚಾಗುತ್ತೆ ಸ್ವಾಮೀ?

ಅವರು ಕಳಿಸೋವರೆಗೆ ಆ ಕೆಲಸ ನಮ್ಮದು. ಅಪ್ಪ-ಅಮ್ಮನಿಗೆ ಟಿಕೆಟ್ ಮಾಡಿಸಿ ಪಿಡಿಎಫ್ ವಾಟ್ಸಾಪ್ ಮಾಡಿದ್ರೆ ಮಗನ ಕರ್ತವ್ಯ ಮುಗೀತು ಅಂದ್ಕೊಂಡಿದ್ದೆ. ಮುಗಿಯಲ್ಲ. ಹತ್ತು ನಿಮಿಷ ಪಕ್ಕದಲ್ಲಿ ಕೂತು, ಕೌಂಟರ್ ಎಲ್ಲಿ, ಗೇಟ್ ಅಂದ್ರೇನು, ಯಾವುದು ಯಾವ ಬ್ಯಾಗಿಗೆ ಅಂತ ಹೇಳಬೇಕು. ನಾನು ಉಳಿಸಿದ್ದು ಸಾವಿರ ರೂಪಾಯಿ ಇರಬಹುದು. ಅಮ್ಮ ಕಳೆದುಕೊಂಡದ್ದಕ್ಕೆ ರೇಟು ಹಾಕೋಕೆ ನನಗೆ ಬರಲ್ಲ.

ಅಕ್ಕನಿಗೆ ಹೆಣ್ಣು ಮಗು. ಇಬ್ಬರೂ ಆರಾಮಿದ್ದಾರೆ. ಬಾಣಂತನ ಮುಗಿಸಿ ಅಮ್ಮ ಮುಂದಿನ ವಾರ ವಾಪಸ್ ಬರ್ತಾಳೆ, ಅದೇ ಥರದ ಅಗ್ಗದ ವಿಮಾನದಲ್ಲಿ. ಭಾವನಿಗೆ ಹೇಳಿ ಕೊಕ್ಕೆ ತಕ್ಕಡಿ ತರಿಸಿದ್ದಾಳೆ. ಇವತ್ತು ಸಂಜೆ ಫೋನ್ ಮಾಡಿ, "ತೂಕ ಹಾಕಿದೆ ಕಣೋ, ಹದಿಮೂರೂವರೆ ಬಂತು. ಇನ್ನೂ ಒಂದೂವರೆ ಕೇಜಿ ಖಾಲಿ ಇದೆ, ನಿಂಗೇನು ತರ್ಲಿ?" ಅಂದಳು.

ಏನು ಹೇಳೋದು ಅಂತ ತಿಳೀಲಿಲ್ಲ. "ಏನೂ ಬೇಡಮ್ಮ, ಬಾ" ಅಂದೆ.

ನಿಮ್ಮ ಮನೆ ಹಿರಿಯರ ಮೊದಲ ವಿಮಾನದ ಕಥೆ ಇದ್ರೆ ಕೆಳಗೆ ಕುಟ್ಟಿ. ನಾನು ಬಿಟ್ಟ ಉಪಾಯ ಇದ್ರೆ ಅದನ್ನೂ ಸೇರಿಸಿ, ಮುಂದಿನವರ ಉಪ್ಪಿನಕಾಯಿಯಾದ್ರೂ ಉಳೀಲಿ :)