ಬಣ್ಣ ಬಳಿದ ಮುಖ, ಬಾರದ ಮುಖ



ಹಿಂದಿಯ ‘ಧಡಕ್ 2’ ಚಿತ್ರಕ್ಕೆ ಸಂದ ಹೊಗಳಿಕೆಯಲ್ಲಿ ಅರ್ಧ ನ್ಯಾಯವಾದದ್ದೇ. 2025ರ ಆಗಸ್ಟಿನಲ್ಲಿ ತೆರೆಕಂಡ, ಶಾಜಿಯಾ ಇಕ್ಬಾಲ್ ನಿರ್ದೇಶನದ ಈ ಪ್ರೇಮಕಥೆ, ಕಾನೂನು ಕಾಲೇಜು ಸೇರಿದ ದಲಿತ ಹುಡುಗನೊಬ್ಬ ಉಣ್ಣುವ ಅವಮಾನವನ್ನು ಮುಚ್ಚುಮರೆಯಿಲ್ಲದೆ ತೋರಿಸಿತು. ಸೆನ್ಸಾರ್ ಮಂಡಳಿ 16 ಕಡೆ ಬದಲಾವಣೆ ಮಾಡಿಸಿದ ಮೇಲೂ ಅದರ ಖಾರ ಪೂರ್ತಿ ಇಳಿಯಲಿಲ್ಲ.

ತಕರಾರಿರುವುದು ಆ ಹುಡುಗನ ಮುಖದ ಬಗ್ಗೆ. ನಾಯಕ ಸಿದ್ಧಾಂತ್ ಚತುರ್ವೇದಿಯನ್ನು ಮೇಕಪ್ಪಿನಿಂದ ಕಪ್ಪಾಗಿಸಿದ್ದಾರೆಂದು ಟ್ರೇಲರ್ ಬಂದಾಗಲೇ ಟೀಕೆ ಎದ್ದಿತ್ತು. ದಲಿತನೆಂದರೆ ಕಪ್ಪು, ಮೇಲ್ಜಾತಿಯ ನಾಯಕಿಯೆಂದರೆ ಬಿಳುಪು! ಚಿತ್ರಕಥೆ ಬೈಯುವ ಪೂರ್ವಗ್ರಹಕ್ಕೆ ಮೇಕಪ್ ಕೋಣೆ ಮಣೆ ಹಾಕಿದಂತಾಯಿತು.

ಇದೇ ನಿರ್ಮಾಣ ಸಂಸ್ಥೆಯ ಮೊದಲ ‘ಧಡಕ್’ (2018) ಇನ್ನೂ ಜಾಣತನ ತೋರಿತ್ತು. ನಾಗರಾಜ್ ಮಂಜುಳೆಯವರ ಮರಾಠಿ ‘ಸೈರಾಟ್’ ಅನ್ನು ಉದಯಪುರಕ್ಕೆ ಒಯ್ದು, ಕೆರೆ, ಅರಮನೆ, ಚೆಂದದ ಲೆಹೆಂಗಾಗಳ ನಡುವೆ ಜಾತಿಯನ್ನು ಮಸುಕಾಗಿಸಿಬಿಟ್ಟಿತು. ಹುಡುಗನ ಮನೆಯವರು ಹೋಟೆಲ್ ನಡೆಸುವವರು, ಹುಡುಗಿಯ ಅಪ್ಪ ರಾಜಕಾರಣಿ. ಅಲ್ಲಿಗೆ ಇದು ಬಡವ–ಶ್ರೀಮಂತರ ಹಳೇ ಕಥೆ.

‘ಸೈರಾಟ್’ (2016) ಹುಟ್ಟಿದ್ದು ಸೊಲ್ಲಾಪುರ ಜಿಲ್ಲೆಯ ಮಣ್ಣಿನಲ್ಲಿ. ಅಕ್ಕಲಕೋಟೆಯ ಕಡೆ ಇಂದಿಗೂ ಮನೆಮನೆಯಲ್ಲಿ ಕನ್ನಡ ಕೇಳುವ ಜಿಲ್ಲೆ ಅದು. ಮಂಜುಳೆ ಅಲ್ಲಿನ ಜೇವೂರಿನವರು, ನಾಯಕಿ ರಿಂಕು ರಾಜಗುರು ಅಕಲೂಜಿನ ಶಾಲಾ ಹುಡುಗಿ. ಅವಳು ಬುಲೆಟ್ ಓಡಿಸಿದ್ದು, ಟ್ರ್ಯಾಕ್ಟರ್ ಏರಿ ಬಂದದ್ದು, ತನ್ನ ಊರಿನ ಒರಟು ಮರಾಠಿಯಲ್ಲೇ ಹುಡುಗರನ್ನು ಗದರಿದ್ದು ಪ್ರೇಕ್ಷಕರಿಗೆ ನಟನೆ ಅನ್ನಿಸಲೇ ಇಲ್ಲ. ಹೊಸ ಮುಖ ಓಡುವುದಿಲ್ಲ ಎಂಬ ನಿರ್ಮಾಪಕರ ವಾದಕ್ಕೆ ಆ ಚಿತ್ರದ ಗಲ್ಲಾಪೆಟ್ಟಿಗೆಯೇ ಉತ್ತರ ಕೊಟ್ಟಿದೆ. ಅವಳ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿಯಲ್ಲಿ ವಿಶೇಷ ಉಲ್ಲೇಖವೂ ಸಿಕ್ಕಿತು. 2017ರಲ್ಲಿ ಎಸ್. ನಾರಾಯಣ್ ‘ಸೈರಾಟ್’ ಅನ್ನು ‘ಮನಸು ಮಲ್ಲಿಗೆ’ಯಾಗಿ ಕನ್ನಡಕ್ಕೆ ತಂದಾಗ ಅದೇ ಹುಡುಗಿಯನ್ನು ಕರೆಸಿದರು.

ಜಾತಿ ಹಳ್ಳಿಯ ಮಾತು, ನಗರದ ಪ್ರೇಕ್ಷಕನಿಗೆ ಅದು ಅಂಟದು ಎಂಬ ಸಬೂಬೂ ಇದೆ. ಹಾಗೆನ್ನುವವರು ಮುಂಬಯಿಯ ಮುಲುಂಡ್ ಪಶ್ಚಿಮದಲ್ಲಿ ಒಂದು ಬಾಡಿಗೆ ಮನೆ ಹುಡುಕಲಿ. ದಲಾಲನ ಮೊದಲ ಪ್ರಶ್ನೆ ಅಡ್ರೆಸ್ಸಲ್ಲ, ಸರ್‌ನೇಮ್. ಎರಡನೆಯದು, ‘ನಾನ್‌ವೆಜ್ ತಿಂತೀರಾ?’ ಇದೇ ಬಡಾವಣೆಯ ಸೊಸೈಟಿಯೊಂದರಲ್ಲಿ 2023ರ ಸೆಪ್ಟೆಂಬರಿನಲ್ಲಿ ಮರಾಠಿ ಮಹಿಳೆಯೊಬ್ಬರಿಗೆ, ಮಹಾರಾಷ್ಟ್ರದ ರಾಜಧಾನಿಯಲ್ಲೇ, ಮರಾಠಿಯವರೆಂಬ ಕಾರಣಕ್ಕೆ ಕಚೇರಿಗೆ ಜಾಗ ನಿರಾಕರಿಸಿದ ವಿಡಿಯೋ ರಾಜ್ಯವನ್ನೇ ಕಲಕಿತ್ತು. ಭಾಷೆಗೇ ಬಾಗಿಲು ಹಾಕುವ ಕಟ್ಟಡಗಳಲ್ಲಿ ಜಾತಿ ಮೀರಿದ ಪ್ರೇಮದ ಪಾಡೇನು? ಆ ಕಥೆಗೆ ಉದಯಪುರ ಬೇಕಿಲ್ಲ, ಸೆಂಟ್ರಲ್ ರೈಲ್ವೆಯ ಸ್ಲೋ ಲೋಕಲ್ ಸಾಕು.

ಮುಂದಿನ ‘ಧಡಕ್’ ತೆಗೆಯುವವರು ನಾಯಕನಿಗೆ ಬಣ್ಣ ಹುಡುಕುವ ಮುನ್ನ ನಾಯಕನನ್ನೇ ಹುಡುಕಲಿ. ಕಾಲೇಜುಗಳ ಏಕಾಂಕ ಸ್ಪರ್ಧೆಗಳಲ್ಲಿ ಪ್ರತಿವರ್ಷ ಚಾಳುಗಳ, ವಸತಿಗಳ ಹುಡುಗ ಹುಡುಗಿಯರು ಸೊಗಸಾಗಿ ಅಭಿನಯಿಸುತ್ತಾರೆ. ಅಂಧೇರಿಯ ಕಾಸ್ಟಿಂಗ್ ಆಫೀಸುಗಳು ಅಲ್ಲಿಗೊಬ್ಬ ಸಹಾಯಕನನ್ನು ಕಳಿಸಿದರೂ ಆದೀತು. ಬೇಕಿದ್ದರೆ ಆಡಿಷನ್ನನ್ನು ನಮ್ಮ ಮುಲುಂಡಿನ ಕಾಳಿದಾಸ ನಾಟ್ಯಮಂದಿರದಲ್ಲೇ ಇಟ್ಟುಕೊಳ್ಳಲಿ. ಮುಲುಂಡ್ ಸ್ಟೇಷನ್ನಿನಿಂದ ರಿಕ್ಷಾ ಸಿಗುತ್ತದೆ.

— ಓರ್ವ ಓದುಗ, ಮುಲುಂಡ್ (ಪಶ್ಚಿಮ), ಮುಂಬಯಿ